ಸೆರೆಮನೆಯಿಂದ ಹೊರಬಂದ ಮೇಲೆ



ಸೆರೆಮನೆಯನ್ನು ಕುರಿತು ನಮ್ಮ ಜನಕ್ಕೆ ತಿಳಿದಿರುವುದೆಲ್ಲ ಅದರ ಬಾಗಿಲಿನವರೆಗೆ ಮಾತ್ರ. ಅಪರಾಧ ನಡೆಯಿತು, ಪೋಲೀಸಿನವರು ಹಿಡಿದರು, ವಿಚಾರಣೆಯಾಯಿತು, ಶಿಕ್ಷೆಯಾಯಿತು ಎಂಬಲ್ಲಿಗೆ ವೃತ್ತಪತ್ರಿಕೆಯೂ ಸುಮ್ಮನಾಗುತ್ತದೆ, ಅದನ್ನು ಓದುವವನೂ ಸುಮ್ಮನಾಗುತ್ತಾನೆ. ಒಳಗೆ ಹೋದವನು ಒಂದು ದಿನ ಹೊರಗೆ ಬರುತ್ತಾನೆಂಬುದನ್ನು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಲ್ಲಿಗೇರಿದವರನ್ನೂ ಒಳಗೇ ತೀರಿಕೊಂಡವರನ್ನೂ ಬಿಟ್ಟರೆ ಮಿಕ್ಕವರೆಲ್ಲರೂ ಹೊರಗೆ ಬರತಕ್ಕವರೇ. ಬಂದವರು ಎಲ್ಲಿಗೆ ಹೋಗುತ್ತಾರೆ, ಏನು ಮಾಡಿ ಹೊಟ್ಟೆ ಹೊರೆಯುತ್ತಾರೆ, ಅವರನ್ನು ಯಾರು ಮಾತನಾಡಿಸುತ್ತಾರೆ ಎಂಬ ಪ್ರಶ್ನೆಗಳನ್ನು ಈ ದಿನ ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಇದನ್ನು ಕುರಿತು ಮಾತನಾಡುವುದಕ್ಕೆ ನಾವು ಕಾರಾಗೃಹದ ಅಧಿಕಾರಿಗಳಲ್ಲ, ವಕೀಲರೂ ಅಲ್ಲ. ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವವರು. ಈ ಪ್ರಶ್ನೆ ನಮಗೆ ಎದುರಾದದ್ದು ಪುಸ್ತಕಗಳ ರಟ್ಟಿನ ಮೂಲಕ. ಕೆಲವು ವರ್ಷಗಳ ಹಿಂದೆ ನಾವಿದ್ದ ಒಂದು ಕಾಲೇಜಿನ ಪುಸ್ತಕಭಂಡಾರದಲ್ಲಿ ಹಳೆಯ ಸಂಪುಟಗಳು ಹೊಲಿಗೆ ಬಿಟ್ಟು ಹಾಳೆಹಾಳೆಯಾಗಿ ಬಿದ್ದಿದ್ದವು. ಅವನ್ನು ಸರಿಪಡಿಸಲು ಒಬ್ಬ ಬೈಂಡರು ಬೇಕೆಂದು ಪ್ರಕಟಿಸಿದೆವು. ಬಂದ ನಾಲ್ಕೈದು ಮಂದಿಯಲ್ಲಿ ನಡುವಯಸ್ಸಿನ ಒಬ್ಬಾತನು ತನ್ನ ಕೆಲಸದ ಮಾದರಿಯೆಂದು ಎರಡು ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದನು. ಬೆನ್ನು ದುಂಡಗೆ, ಹೊಲಿಗೆ ಬಿಗಿ, ಅಂಚು ಕತ್ತರಿಸಿದ್ದು ಗೆರೆ ಎಳೆದಂತೆ. ತೆರೆದಿಟ್ಟರೆ ಪುಸ್ತಕವು ತಾನಾಗಿ ಮುಚ್ಚಿಕೊಳ್ಳದೆ ಮೇಜಿನ ಮೇಲೆ ಹಾಗೆಯೇ ಮಲಗುತ್ತಿತ್ತು; ಈ ಗುಣದ ಬೆಲೆಯನ್ನು ಪುಸ್ತಕದೊಡನೆ ಬಾಳಿದವರು ಬಲ್ಲರು. “ಎಲ್ಲಿ ಕಲಿತಿರಿ?” ಎಂದು ಕೇಳಿದೆವು. “ಜೈಲಿನಲ್ಲಿ, ಸ್ವಾಮಿ. ಒಂಬತ್ತು ವರ್ಷ ಇದ್ದೆ” ಎಂದನು.

ಸಮಿತಿಯವರು ಪುಸ್ತಕಗಳನ್ನು ಮೆಚ್ಚಿಕೊಂಡರು, ಆತನನ್ನು ಕಳುಹಿಸಿಬಿಟ್ಟರು. “ಕೆಲಸವೇನೋ ಚೆನ್ನಾಗಿದೆ, ಆದರೆ ಇದು ಹೆಣ್ಣುಮಕ್ಕಳು ಬಂದು ಓದುವ ಸ್ಥಳ” ಎಂದು ಒಬ್ಬರು ಹೇಳಿದರು. ಆತನ ಅಪರಾಧವೇನೆಂದು ಕೇಳಿದವರು ಒಬ್ಬರೂ ಇಲ್ಲ. ಆ ಸಮಿತಿಯಲ್ಲಿ ನಾವೂ ಕುಳಿತಿದ್ದೆವು. ನಾವೂ ಕೇಳಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಆಮೇಲೆ ಮನಸ್ಸು ಚುಚ್ಚಿ, ನಮ್ಮ ಮನೆಯ ಪುಸ್ತಕಗಳನ್ನಾದರೂ ಕಟ್ಟಿಕೊಡಲಿ ಎಂದು ಹೇಳಿಕಳುಹಿಸಿದೆವು. ಆತನು ಬಂದು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತನು. ನಾವು ಕಾಲೇಜಿಗೆ ಹೊರಡುವ ಮುನ್ನ, ವರ್ಷಾನುಗಟ್ಟಲೆ ಬೀಗ ಹಾಕದೆ ಇದ್ದ ಬೀರುವಿಗೆ ಆ ದಿನ ಬೀಗ ಹಾಕಿದೆವು. ಬೀಗದ ಸದ್ದು ಪಡಸಾಲೆಗೆ ಕೇಳಿಸಿತು. ಆತನು ತಲೆಯೆತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದನು.

ಈ ವಿಷಯದಲ್ಲಿ ಸಮಾಜವನ್ನು ಬಯ್ಯುವುದಕ್ಕೆ ನಮಗೆ ಅಧಿಕಾರವಿಲ್ಲವೆಂಬುದನ್ನು ತೋರಿಸುವುದಕ್ಕಾಗಿ ಇಷ್ಟನ್ನು ಹೇಳಿದ್ದಾಯಿತು. ಇನ್ನು ವಿಷಯಕ್ಕೆ ಬರೋಣ.

ಆ ಬೈಂಡರು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು? ಯಾವುದಾದರೊಂದು ಮುದ್ರಣಾಲಯದ ಹೆಸರು ಹೇಳಿದ್ದರೆ ಆತನಿಗೆ ಕೆಲಸ ಖಂಡಿತವಾಗಿ ಸಿಕ್ಕುತ್ತಿತ್ತು. ಮುಂದೆ ಎಂದಾದರೊಂದು ದಿನ ಸಂಗತಿ ಬಯಲಾದರೆ, ಹಳೆಯ ಅಪರಾಧಕ್ಕಿಂತ ಹೆಚ್ಚಾಗಿ ಹೊಸ ಸುಳ್ಳಿಗಾಗಿ ಕೆಲಸ ಹೋಗುತ್ತಿತ್ತು. ನಿಜ ಹೇಳಿದರೆ ಬಾಗಿಲು ತೆರೆಯುವುದಿಲ್ಲ, ಸುಳ್ಳು ಹೇಳಿದರೆ ತೆರೆದ ಬಾಗಿಲು ಮುಚ್ಚುತ್ತದೆ. ಈ ಇಕ್ಕಟ್ಟನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಹಲವು ಸಲ ಎದುರಿಸಿದೆ. ದೆಹಲಿಯ ಪೋಲೀಸು ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬ ಯುವಕನು, ರಾಜಿಯಾಗಿ ಮುಗಿದಿದ್ದ ಹೊಡೆದಾಟದ ಮೊಕದ್ದಮೆಯೊಂದನ್ನು ಅರ್ಜಿಯಲ್ಲಿ ಕಾಣಿಸಿರಲಿಲ್ಲ. 2011ರಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿಗಳು ಹರೆಯದ ತಪ್ಪುಗಳನ್ನು ಕ್ಷಮಿಸಬೇಕೆಂದು ಹೇಳಿ, ವಿಕ್ಟರ್ ಹ್ಯೂಗೋವಿನ ಕಾದಂಬರಿಯ ನಾಯಕನಾದ ಜೀನ್ ವಾಲ್‌ಜೀನನನ್ನು ನೆನೆದರು. ಹಸಿದ ಮಕ್ಕಳಿಗಾಗಿ ರೊಟ್ಟಿ ಕದ್ದು ಹತ್ತೊಂಬತ್ತು ವರ್ಷ ಸೆರೆಯಲ್ಲಿ ಕಳೆದು, ಹಳದಿಯ ರಹದಾರಿ ಪತ್ರವನ್ನು ಹಿಡಿದು ಊರೂರು ಅಲೆದು, ಹಣವಿದ್ದರೂ ಛತ್ರದಲ್ಲಿ ಅನ್ನ ಸಿಕ್ಕದವನು ಅವನು. ನ್ಯಾಯಸ್ಥಾನದ ತೀರ್ಪಿನೊಳಗೆ ಕಾದಂಬರಿಯ ಪಾತ್ರವೊಂದು ಸಾಕ್ಷಿಯಂತೆ ಬಂದು ನಿಲ್ಲುವುದು ನಮ್ಮಂತಹ ಮೇಷ್ಟರುಗಳಿಗೆ ಹಿತವಾದ ಸಂಗತಿ. ಆದರೆ ಅದರಿಂದ ನಿಯಮವು ಬದಲಾಯಿತೆಂದು ತಿಳಿಯಬಾರದು. 2016ರಲ್ಲಿ ಅವತಾರ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ವಿಷಯವನ್ನು ವಿಸ್ತಾರವಾಗಿ ವಿಚಾರಿಸಿತು. ಕೇಳಿದ ಸಂಗತಿಗೆ ಅಭ್ಯರ್ಥಿಯು ನಿಜವನ್ನೇ ಹೇಳಬೇಕು. ಅಪರಾಧವು ಕ್ಷುಲ್ಲಕವಾದದ್ದಾಗಿದ್ದರೆ ಉದ್ಯೋಗ ಕೊಡುವವರು ಅದನ್ನು ಮನ್ನಿಸಬಹುದು. ಆದರೆ ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ ಎಂಬುದು ಅದರ ಸಾರ. ಬೈಂಡರಿನ ಇಕ್ಕಟ್ಟು ಇದ್ದ ಹಾಗೆಯೇ ಉಳಿಯಿತು.

ಶಿಕ್ಷೆಯ ಅವಧಿ ಎಂದು ಮುಗಿಯುತ್ತದೆ? ಪಂಚಾಂಗದ ಲೆಕ್ಕದಲ್ಲಿ ಬಿಡುಗಡೆಯ ದಿನ ಮುಗಿಯುತ್ತದೆ. ರಾಜದಂಡವನ್ನು ಅನುಭವಿಸಿದ ಅಪರಾಧಿಯು ನಿರ್ಮಲನಾಗುತ್ತಾನೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವೇ ಹೇಳುತ್ತದೆ. ಆ ಗ್ರಂಥದ ಬೇರೆ ಮಾತುಗಳನ್ನು ಬಿಗಿಯಾಗಿ ಹಿಡಿದುಕೊಂಡವರು ಈ ಮಾತನ್ನು ಮಾತ್ರ ಹೇಗೆ ಮರೆತರೋ ತಿಳಿಯದು. ನಮ್ಮ ಇಂದಿನ ಶಾಸನಗಳಲ್ಲಿಯೂ ಕೆಲವು ಎಣಿಕೆ ಬಲ್ಲವುಗಳಾಗಿವೆ. 1967ರ ಪಾಸ್‌ಪೋರ್ಟ್ ಶಾಸನದ ಪ್ರಕಾರ, ನೀತಿಗೆಟ್ಟ ಅಪರಾಧಕ್ಕಾಗಿ ಎರಡು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವಾಗಿದ್ದರೆ, ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ಆದ ಶಿಕ್ಷೆಯನ್ನು ಮಾತ್ರ ಆ ಕಾರಣಕ್ಕೆ ಗಣಿಸತಕ್ಕದ್ದು. 1951ರ ಪ್ರಜಾಪ್ರಾತಿನಿಧ್ಯ ಶಾಸನವು ಎರಡು ವರ್ಷ ಅಥವಾ ಹೆಚ್ಚಿನ ಸೆರೆವಾಸವನ್ನು ಪಡೆದವನನ್ನು ಶಿಕ್ಷೆಯ ದಿನದಿಂದ ಹಿಡಿದು, ಬಿಡುಗಡೆಯ ತರುವಾಯ ಆರು ವರ್ಷಗಳವರೆಗೆ ಚುನಾವಣೆಗೆ ನಿಲ್ಲದಂತೆ ತಡೆಯುತ್ತದೆ. ಏಳನೆಯ ವರ್ಷದಲ್ಲಿ ಆತನು ಶಾಸನಸಭೆಯ ಸದಸ್ಯನಾಗಬಹುದು, ಮಂತ್ರಿಯೂ ಆಗಬಹುದು. ಅದೇ ಮನುಷ್ಯನು ಆ ಮಂತ್ರಿಯ ಕಚೇರಿಯಲ್ಲಿ ಜವಾನನ ಕೆಲಸಕ್ಕೆ ಅರ್ಜಿ ಹಾಕಿದರೆ, ಪೂರ್ವಾಪರ ಪರಿಶೀಲನೆಯಲ್ಲಿ ಇಪ್ಪತ್ತು ವರ್ಷದ ಹಿಂದಿನ ಶಿಕ್ಷೆಯೂ ಎದ್ದು ಬರುತ್ತದೆ. ರಾಜ್ಯವಾಳುವುದಕ್ಕೆ ಕಾಲಮಿತಿಯುಂಟು, ಕಡತ ಹೊರುವುದಕ್ಕೆ ಇಲ್ಲ.

ಇಂಗ್ಲೆಂಡಿನವರು ಈ ತೊಡಕನ್ನು 1974ರಲ್ಲಿ ಒಂದು ಶಾಸನದಿಂದ ಬಿಡಿಸಲು ತೊಡಗಿದರು. ಅಪರಾಧಿಗಳ ಪುನರ್ವಸತಿಯ ಶಾಸನವೆಂದು ಅದರ ಹೆಸರು. ಶಿಕ್ಷೆ ಮುಗಿದ ತರುವಾಯ ನಿಯಮಿತವಾದ ಕಾಲದವರೆಗೆ ಮತ್ತೆ ತಪ್ಪು ಮಾಡದೆ ಇದ್ದವನ ಶಿಕ್ಷೆಯು ‘ಸವೆದುಹೋಯಿತು’ ಎಂದು ಎಣಿಸತಕ್ಕದ್ದು. ಆಮೇಲೆ ಸಾಮಾನ್ಯ ಉದ್ಯೋಗಗಳಿಗೆ ಅರ್ಜಿ ಹಾಕುವಾಗ ಆತನು ಅದನ್ನು ಹೇಳಬೇಕಾದುದಿಲ್ಲ. ಹಾಗೆ ಹೇಳದಿರುವುದು ಸುಳ್ಳೂ ಅಲ್ಲ. ಮೊದಲು ಎರಡೂವರೆ ವರ್ಷಕ್ಕೆ ಮೀರಿದ ಸೆರೆವಾಸವು ಎಂದಿಗೂ ಸವೆಯದೆಂಬ ನಿಯಮವಿತ್ತು. 2014ರಲ್ಲಿ ಈ ಎಲ್ಲೆಯನ್ನು ನಾಲ್ಕು ವರ್ಷಕ್ಕೆ ಏರಿಸಿದರು. 2023ರ ಅಕ್ಟೋಬರಿನಿಂದ ಈಚೆಗೆ, ಘೋರವಾದ ಹಿಂಸೆ, ಲೈಂಗಿಕ ಅಪರಾಧ ಮೊದಲಾದವನ್ನು ಬಿಟ್ಟು, ನಾಲ್ಕು ವರ್ಷಕ್ಕೆ ಮೀರಿದ ಶಿಕ್ಷೆಯೂ ಏಳು ವರ್ಷಗಳ ತರುವಾಯ ಸವೆಯುತ್ತದೆ. ಮಕ್ಕಳೊಡನೆ ಮಾಡುವ ಕೆಲಸ ಮೊದಲಾದವುಗಳಿಗೆ ಈ ರಿಯಾಯಿತಿ ಸಲ್ಲದು. ಅಲ್ಲಿ ಕೇಳಿದವರಿಗೆ ಹೇಳಲೇಬೇಕು. ಇದು ಕಣ್ಣು ಮುಚ್ಚಿದ ಕ್ಷಮೆಯಲ್ಲ, ಗಡಿಯಾರ ಹಿಡಿದ ಕ್ಷಮೆ.

ನಮ್ಮ ದೇಶದಲ್ಲಿ ಇಷ್ಟು ವ್ಯಾಪಕವಾದ ಶಾಸನವಿಲ್ಲ. ಇರುವುವು ಎರಡು ಸಣ್ಣ ಕಿಟಕಿಗಳು. 1958ರ ಅಪರಾಧಿಗಳ ಪರಿವೀಕ್ಷಣಾ ಶಾಸನದಂತೆ ಎಚ್ಚರಿಕೆ ಹೇಳಿಯೋ ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡೋ ಬಿಟ್ಟವನಿಗೆ, ಅಪರಾಧ ಸ್ಥಾಪಿತವಾದುದರಿಂದ ಬರುವ ಅನರ್ಹತೆಗಳು ತಟ್ಟವು. 2015ರ ಬಾಲನ್ಯಾಯ ಶಾಸನದಂತೆ, ಹದಿನಾರು ದಾಟಿ ಘೋರಾಪರಾಧ ಮಾಡಿದ ಕೆಲವರನ್ನುಳಿದು, ಮಕ್ಕಳ ಅಪರಾಧದ ದಾಖಲೆಗಳನ್ನು ಕಾಲ ಕಳೆದ ಮೇಲೆ ನಾಶಪಡಿಸಬೇಕು. ಸೆರೆಮನೆಯೊಳಗೆ ಕಾಲಿಟ್ಟ ವಯಸ್ಕನಿಗೆ ಈ ಎರಡು ಕಿಟಕಿಗಳಿಂದಲೂ ಗಾಳಿ ಬಾರದು.

ಸರ್ಕಾರದ ಉದ್ಯೋಗವಿಲ್ಲದಿದ್ದರೆ ಹೋಗಲಿ, ಖಾಸಗಿ ಉದ್ಯೋಗವುಂಟಲ್ಲ ಎನ್ನಬಹುದು. ಓದುಬರಹ ಕಡಮೆಯಿರುವವನಿಗೆ ಪಟ್ಟಣದಲ್ಲಿ ಮೊದಲು ಸಿಕ್ಕುವ ಕೆಲಸವೆಂದರೆ ಕಾವಲುಗಾರನದು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಶಾಸನದ ಪ್ರಕಾರ ಕಾವಲುಗಾರನ ನಡತೆಯನ್ನೂ ಪೂರ್ವಚರಿತ್ರೆಯನ್ನೂ ವಿಚಾರಿಸಿಯೇ ನೇಮಿಸಬೇಕು. ಸರಿ, ಆ ಬಾಗಿಲು ಮುಚ್ಚಿತು. ಬಾಡಿಗೆ ವಾಹನ ನಡೆಯಿಸಬೇಕೆಂದರೆ ಅಲ್ಲಿಯೂ ಪೋಲೀಸಿನ ವಿಚಾರಣೆ. ಬಾಡಿಗೆಗೆ ಮನೆ ಕೇಳಿದರೆ ಮೊದಲು ಜಾತಿ, ಆಮೇಲೆ ಕೆಲಸ, ಆಮೇಲೆ “ಇಷ್ಟು ದಿನ ಎಲ್ಲಿದ್ದಿರಿ?” ಎಂಬ ಪ್ರಶ್ನೆ. ಒಂಬತ್ತು ವರ್ಷದ ಆ ಬರಿದಾದ ಅಂತರವನ್ನು ತುಂಬುವುದಕ್ಕೆ ಯಾವ ಉತ್ತರವನ್ನು ತರುವುದು? ಒಳಗಿದ್ದಾಗ ಪಡಿತರ ಚೀಟಿಯಿಂದ ಹೆಸರು ಹೋಗಿರುತ್ತದೆ, ಬ್ಯಾಂಕಿನ ಖಾತೆ ನಿಂತಿರುತ್ತದೆ. ಗುರುತು ತೋರಿಸಲು ಕೈಯಲ್ಲಿರುವ ಕಾಗದವೆಂದರೆ ಬಿಡುಗಡೆಯ ಪತ್ರವೊಂದೇ, ಮತ್ತು ಅದನ್ನೇ ಯಾರಿಗೂ ತೋರಿಸುವಂತಿಲ್ಲ.

ಇದೆಲ್ಲ ಊಹೆಯೋ ಅನುಭವವೋ ಎಂದು ಕೇಳುವವರಿಗೆ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯನ್ನು ಹೇಳಬಹುದು. ದೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆಯು ಮಿಲ್ವಾಕೀ ಪಟ್ಟಣದಲ್ಲಿ ಈ ಪರೀಕ್ಷೆಯನ್ನು ಮಾಡಿ 2003ರಲ್ಲಿ ಪ್ರಕಟಿಸಿದಳು. ಇಬ್ಬರು ಬಿಳಿಯ ಯುವಕರು, ಇಬ್ಬರು ಕರಿಯ ಯುವಕರು. ವಿದ್ಯೆ, ಅನುಭವ, ಮಾತುಗಾರಿಕೆಯಲ್ಲಿ ಆದಷ್ಟು ಸಮಾನರು. ಪ್ರತಿಯೊಂದು ಜೋಡಿಯಲ್ಲಿಯೂ ಒಬ್ಬನು ತಾನು ಮಾದಕ ವಸ್ತುವಿನ ಅಪರಾಧಕ್ಕಾಗಿ ಸೆರೆಯಲ್ಲಿದ್ದವನೆಂದು ಹೇಳಿಕೊಳ್ಳಬೇಕು. ಈ ವೇಷವನ್ನು ಅವರು ಸರದಿಯ ಮೇಲೆ ಹಾಕುತ್ತಿದ್ದರು. ಹೀಗೆ ಮುನ್ನೂರೈವತ್ತು ಕಡೆ ಕೆಲಸ ಕೇಳಿದರು. ಕಳಂಕವಿಲ್ಲದ ಬಿಳಿಯನನ್ನು ನೂರಕ್ಕೆ 34 ಕಡೆಗಳಲ್ಲಿ ಮತ್ತೆ ಕರೆದರು. ಸೆರೆವಾಸ ಮಾಡಿದೆನೆಂದ ಬಿಳಿಯನನ್ನು 17 ಕಡೆ. ಕಳಂಕವಿಲ್ಲದ ಕರಿಯನನ್ನು 14 ಕಡೆ. ಸೆರೆವಾಸ ಮಾಡಿದೆನೆಂದ ಕರಿಯನನ್ನು 5 ಕಡೆ. ಈ ಅಂಕಿಗಳನ್ನು ನಿಧಾನವಾಗಿ ನೋಡಬೇಕು. ಅಪರಾಧದ ಮುದ್ರೆಯು ಬಿಳಿಯನ ಅವಕಾಶವನ್ನು ಅರ್ಧಕ್ಕೆ ಇಳಿಸಿತು, ಕರಿಯನದನ್ನು ಮೂರರಲ್ಲೊಂದಕ್ಕಿಂತ ತುಸು ಹೆಚ್ಚಿಗೆ ಇಳಿಸಿತು. ಅದಕ್ಕಿಂತಲೂ ಮುಖ್ಯವಾದದ್ದು: ಏನೂ ತಪ್ಪು ಮಾಡದ ಕರಿಯನಿಗಿಂತ ಸೆರೆಯಿಂದ ಬಂದ ಬಿಳಿಯನೇ ವಾಸಿ ಎಂದು ಯಜಮಾನರಿಗೆ ತೋರಿತು.

ಹಾಗಾದರೆ ಅರ್ಜಿಯಲ್ಲಿ ಆ ಪ್ರಶ್ನೆಯನ್ನೇ ಕೇಳಕೂಡದೆಂದು ಶಾಸನ ಮಾಡಿದರಾಯಿತಲ್ಲವೇ? ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಹಾಗೆಯೇ ಮಾಡಿದರು. ಅದರ ಫಲವನ್ನು ನ್ಯೂಜೆರ್ಸಿಯಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಅಮಾಂಡಾ ಆಗನ್, ಸೋಂಜಾ ಸ್ಟಾರ್ ಎಂಬ ಇಬ್ಬರು ವಿದುಷಿಯರು ಸುಮಾರು ಹದಿನೈದು ಸಾವಿರ ಕಲ್ಪಿತ ಅರ್ಜಿಗಳನ್ನು ಕಳುಹಿಸಿ ಪರೀಕ್ಷಿಸಿ, 2018ರಲ್ಲಿ ಪ್ರಕಟಿಸಿದರು. ಪ್ರಶ್ನೆ ಹೋದ ಮೇಲೆ ಯಜಮಾನರು ಹೆಸರು ನೋಡಿ ಊಹೆ ಮಾಡತೊಡಗಿದರು. ಬಿಳಿಯರ ಹೆಸರಿಗೂ ಕರಿಯರ ಹೆಸರಿಗೂ ನಡುವಣ ಅಂತರವು ಹೆಚ್ಚಿತು. ಬಾಯಿ ಮುಚ್ಚಿಸಿದರೆ ಮನಸ್ಸು ಮುಚ್ಚುವುದಿಲ್ಲ.

ಹೆಸರು ನೋಡಿ ಊಹಿಸುವ ರೋಗ ಅಮೆರಿಕದ್ದು ಮಾತ್ರವೆಂದು ನಾವು ಹಿಗ್ಗಬೇಕಾಗಿಲ್ಲ. 1871ರ ಶಾಸನವೊಂದು ನಮ್ಮ ದೇಶದ ಎಷ್ಟೋ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ನಮ್ಮ ಹುಬ್ಬಳ್ಳಿ, ಗದಗ ಬೆಟಗೇರಿಗಳಲ್ಲಿ ಅಂಥವರನ್ನು ತಂತಿಬೇಲಿಯೊಳಗೆ ಕೂಡಿಹಾಕಿ, ಹಾಜರಿ ಕೂಗಿ, ಕೂಲಿಗೆ ಕಳುಹಿಸುತ್ತಿದ್ದರು. ಆ ಭಾಗಗಳನ್ನು ಜನರು ಇಂದಿಗೂ ‘ಸೆಟ್ಲಮೆಂಟು’ ಎಂದೇ ಕರೆಯುತ್ತಾರೆ. ಆ ಶಾಸನವು 1952ರಲ್ಲಿ ರದ್ದಾಯಿತು, ಹೆಸರು ರದ್ದಾಗಲಿಲ್ಲ. ಸೆರೆಮನೆಯೊಳಗೆ ಕಸಗುಡಿಸುವುದು ಒಂದು ಜಾತಿಗೆ, ಅಡಿಗೆ ಮಾಡುವುದು ಇನ್ನೊಂದು ಜಾತಿಗೆ ಎಂದು ಹಂಚುವ ನಿಯಮಗಳು ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಉಳಿದುಕೊಂಡೇ ಬಂದು, ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ್ 3ರಂದು ಅವನ್ನು ತೆಗೆದುಹಾಕಬೇಕಾಯಿತು. ಒಳಗೆ ಹತ್ತು ವರ್ಷ ಕಕ್ಕಸು ತೊಳೆದವನು ಹೊರಗೆ ಬಂದು ಯಾವ ಕಸುಬನ್ನು ತೋರಿಸಿ ಕೆಲಸ ಕೇಳಬೇಕು?

ಇಲ್ಲಿಯವರೆಗೆ ಹೇಳಿದ್ದೆಲ್ಲ ಕತ್ತಲೆಯ ಪಕ್ಷ. ಸಾಧ್ಯವಾದದ್ದೂ ಉಂಟು. ಐರ್ಲೆಂಡಿನಲ್ಲಿ 1854ರಿಂದ 1862ರವರೆಗೆ ಸೆರೆಮನೆಗಳ ಆಡಳಿತವನ್ನು ನೋಡಿದ ಸರ್ ವಾಲ್ಟರ್ ಕ್ರಾಫ್ಟನ್ ಎಂಬಾತನು, ಸೆರೆಗೂ ಸ್ವಾತಂತ್ರ್ಯಕ್ಕೂ ನಡುವೆ ಒಂದು ಮೆಟ್ಟಿಲು ಇರಬೇಕೆಂದು ಎಣಿಸಿ, ಬೇಲಿ ಸಡಿಲವಾದ ಮಧ್ಯಂತರ ಸೆರೆಮನೆಗಳನ್ನು ಏರ್ಪಡಿಸಿದನು. ಅಲ್ಲಿ ಸಂಜೆಯ ಹೊತ್ತು ಉಪನ್ಯಾಸ ಮಾಡುತ್ತಿದ್ದ ಜೇಮ್ಸ್ ಆರ್ಗನ್ ಎಂಬ ಉಪಾಧ್ಯಾಯನು ಪಾಠ ಹೇಳಿ ಮನೆಗೆ ಹೋಗುವವನಾಗಿರಲಿಲ್ಲ. ಡಬ್ಲಿನ್ ಪಟ್ಟಣದ ಯಜಮಾನರ ಮನೆಬಾಗಿಲಿಗೆ ತಾನೇ ಹೋಗಿ, ಇಂಥವನು ಇಂಥ ಅಪರಾಧ ಮಾಡಿದ್ದನು, ಈಗ ಇಂಥ ಕೆಲಸ ಬಲ್ಲನು ಎಂದು ಮುಚ್ಚುಮರೆಯಿಲ್ಲದೆ ಹೇಳಿ ಕೆಲಸ ಕೇಳುತ್ತಿದ್ದನು. ಆಮೇಲೆ ಹೋಗಿ ವಿಚಾರಿಸಿಕೊಂಡೂ ಬರುತ್ತಿದ್ದನು. ಯಜಮಾನನಿಗೆ ಬೇಕಾದದ್ದು ಅಪರಾಧಿಯ ಬಾಯಿಮಾತಲ್ಲ, ಮೂರನೆಯವನೊಬ್ಬನ ಹೊಣೆ. ಅದನ್ನು ಆರ್ಗನನು ಕಂಡುಕೊಂಡನು. ನಮ್ಮ ವೃತ್ತಿಯವನೆಂದು ಆತನ ಮೇಲೆ ನಮಗೆ ತುಸು ಅಭಿಮಾನ ಹೆಚ್ಚು. ಬೀರುವಿಗೆ ಬೀಗ ಹಾಕಿದ ನಮಗಿಂತ ಆತನು ಒಳ್ಳೆಯ ಮೇಷ್ಟರು.

ಇದಕ್ಕಿಂತಲೂ ಹತ್ತಿರದ ಕಥೆಯೊಂದುಂಟು, ಅದರ ಒಂದು ತುದಿ ಬೆಂಗಳೂರಿನಲ್ಲಿದೆ. ಇಂದು ಕವಿಕಾ ಎಂದು ಹೆಸರಾಗಿರುವ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯನ್ನು 1930ರ ದಶಕದಲ್ಲಿ ನಡೆಯಿಸುತ್ತಿದ್ದವನು ಮಾರಿಸ್ ಫ್ರಿಡ್‌ಮನ್ ಎಂಬ ಪೋಲೆಂಡ್ ದೇಶದ ಯಹೂದಿ ಎಂಜಿನಿಯರು. ಕಾವಿಯುಟ್ಟು ಭಾರತಾನಂದನೆಂಬ ಹೆಸರನ್ನು ತಾಳಿದ ಈ ವಿಲಕ್ಷಣ ಪುರುಷನು ಇಲ್ಲಿಂದ ಔಂಧ್ ಸಂಸ್ಥಾನಕ್ಕೆ ಹೋದನು. ಔಂಧ್ ಬಹು ಚಿಕ್ಕ ಸಂಸ್ಥಾನ. ಅದರ ಹೋಳುಗಳು ಅಲ್ಲೊಂದು ಇಲ್ಲೊಂದು ಚೆದರಿದ್ದು, ನಮ್ಮ ಬಿಜಾಪುರದ ಕಡೆಯ ಗುಣದಾಳವೂ ಅದಕ್ಕೆ ಸೇರಿತ್ತು. ಸೂರ್ಯನಮಸ್ಕಾರವನ್ನು ಪ್ರಚಾರಮಾಡಿದ ರಾಜಾ ಭವಾನರಾವ್ ಪಂತಪ್ರತಿನಿಧಿಗಳು ಅಲ್ಲಿ ಆಳುತ್ತಿದ್ದರು. 1939ರಲ್ಲಿ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದವರು ಅವರು. ಫ್ರಿಡ್‌ಮನ್ನನು ಅವರಲ್ಲಿ ಬೇಡಿದ್ದು ಸೆರೆಯಾಳುಗಳನ್ನು. ಆಟಪಾಡಿಯ ಬಳಿಯ ಬರಡು ನೆಲದಲ್ಲಿ, ಗೋಡೆಯಿಲ್ಲದ, ಬೇಡಿಯಿಲ್ಲದ ಒಂದು ವಸಾಹತನ್ನು ಮಾಡಿ, ಕೊಲೆಗಾರರೆನಿಸಿಕೊಂಡವರನ್ನು ಅಲ್ಲಿ ಬೇಸಾಯಕ್ಕೆ ಬಿಟ್ಟನು. ಅದಕ್ಕೆ ಸ್ವತಂತ್ರಪುರವೆಂದು ಹೆಸರಾಯಿತು. ಹೆಂಡಿರು ಮಕ್ಕಳು ಬಂದು ಜೊತೆಯಲ್ಲಿರಬಹುದು. ಬೆಳೆದ ತರಕಾರಿಯನ್ನು ಸಂತೆಗೆ ಒಯ್ದು ಮಾರಬಹುದು.

ಸಂತೆಯ ವಿಷಯವನ್ನು ಸ್ವಲ್ಪ ಯೋಚಿಸಬೇಕು. ಕೊಳ್ಳುವವಳು ಬದನೆಕಾಯಿಯನ್ನು ಒತ್ತಿ ನೋಡುತ್ತಾಳೆ, ಒಂದು ಕಾಸು ಕಡಮೆಗೆ ಕೇಳುತ್ತಾಳೆ, ಮಾರುವವನು ಆಗುವುದಿಲ್ಲವೆನ್ನುತ್ತಾನೆ. ಆ ಚೌಕಾಸಿಯ ಹೊತ್ತಿನಲ್ಲಿ ಇಬ್ಬರಿಗೂ ಕೊಲೆಯ ನೆನಪಿರುವುದಿಲ್ಲ. ಸಭೆಯಲ್ಲಿ ಮಾಡುವ ಸನ್ಮಾನಕ್ಕಿಂತ ಮನುಷ್ಯನನ್ನು ಮನುಷ್ಯರೊಳಗೆ ಸೇರಿಸಿಕೊಳ್ಳುವುದು ಇಂತಹ ಚೌಕಾಸಿಯೇ. 1948ರಲ್ಲಿ ಔಂಧ್ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸ್ವತಂತ್ರಪುರ ಮಾತ್ರ ಮಹಾರಾಷ್ಟ್ರದ ಕಾರಾಗೃಹ ಇಲಾಖೆಯ ಬಯಲು ವಸಾಹತಾಗಿ ಮುಂದುವರಿಯಿತು. ಅದೇ ಸೀಮೆಯವರಾದ ಗ. ದಿ. ಮಾಡಗೂಳಕರರು ಕಥೆ ಬರೆದು, ವಿ. ಶಾಂತಾರಾಮರು 1957ರಲ್ಲಿ ತೆಗೆದ ‘ದೋ ಆಂಖೇಂ ಬಾರಹ್ ಹಾಥ್’ ಎಂಬ ಚಲಚ್ಚಿತ್ರಕ್ಕೆ ಮೂಲ ಈ ಪ್ರಯೋಗವೇ. ರಾಜಸ್ಥಾನದ ಸಾಂಗಾನೇರಿನಲ್ಲಿ 1963ರಲ್ಲಿ ಆರಂಭವಾದ ಬಯಲು ಶಿಬಿರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೆರೆಯಾಳುಗಳು ಹಗಲು ಊರೊಳಗೆ ದುಡಿದು ತಮ್ಮ ಸಂಸಾರವನ್ನು ತಾವೇ ಸಾಕಿಕೊಳ್ಳುವ ಏರ್ಪಾಡಾಯಿತು. ನಮ್ಮಲ್ಲಿಯೂ ದೇವನಹಳ್ಳಿಯ ಕಡೆ ಕೋರಮಂಗಲವೆಂಬ ಗ್ರಾಮದಲ್ಲಿ ಬಯಲು ಬಂದೀಖಾನೆಯುಂಟು. ಆದರೆ ಇವುಗಳಲ್ಲಿ ಹಿಡಿಯುವವರು ಕೆಲವರು, ಗೋಡೆಯೊಳಗಿನವರು ಲಕ್ಷಾಂತರ.

ಸೆರೆಮನೆಗಳ ಸುಧಾರಣೆಯನ್ನು ಕುರಿತು ವರದಿಗಳಿಗೆ ಕೊರತೆಯಿಲ್ಲ. 1919–20ರ ಸಮಿತಿಯು ಅಪರಾಧಿಯನ್ನು ತಿದ್ದುವುದೇ ಸೆರೆಯ ಗುರಿಯೆಂದಿತು. ನ್ಯಾಯಮೂರ್ತಿ ಮುಲ್ಲಾರವರ ಸಮಿತಿಯು 1983ರಲ್ಲಿ ಬಿಡುಗಡೆಯ ತರುವಾಯದ ಪೋಷಣೆಯನ್ನು ಒತ್ತಿ ಹೇಳಿತು. ಕೇಂದ್ರ ಸರ್ಕಾರವು 2023ರಲ್ಲಿ ಮಾದರಿ ಶಾಸನವೊಂದನ್ನು ರಚಿಸಿ ರಾಜ್ಯಗಳಿಗೆ ಕಳುಹಿಸಿತು. ಕಾರಾಗೃಹಗಳು ರಾಜ್ಯಗಳ ಅಧೀನವಾದುದರಿಂದ ಕೆಲಸ ನಡೆಯಬೇಕಾದದ್ದು ಇಲ್ಲಿಯೇ. ನೆರೆಯ ತೆಲಂಗಾಣದಲ್ಲಿ ಕಾರಾಗೃಹ ಇಲಾಖೆಯೇ ಪೆಟ್ರೋಲ್ ಬಂಕುಗಳನ್ನು ನಡೆಯಿಸಿ, ಸೆರೆಯಾಳುಗಳಿಗೂ ಬಿಡುಗಡೆಯಾದವರಿಗೂ ಅಲ್ಲಿ ಕೆಲಸ ಕೊಟ್ಟಿತು. ದಿನವಿಡೀ ನೂರಾರು ಜನರ ಹಣವನ್ನು ಕೈಯಿಂದ ಎಣಿಸಿ ಚಿಲ್ಲರೆ ಕೊಡುವ ಕೆಲಸವದು. ಬೀಗದ ಮೇಲೆ ಭರವಸೆಯಿಟ್ಟ ನಮ್ಮಂಥವರು ಅಲ್ಲಿ ನಿಂತು ನೋಡತಕ್ಕದ್ದು.

“ನೊಂದವರ ಗತಿಯೇನು?” ಎಂದು ಕೇಳುವವರುಂಟು. ಕೇಳಲೇಬೇಕಾದ ಪ್ರಶ್ನೆ. ಮಗನನ್ನು ಕಳೆದುಕೊಂಡ ತಾಯಿಗೆ, ಕೊಂದವನು ಕೆಲಸ ಹಿಡಿದು ಸುಖವಾಗಿರುವುದನ್ನು ನೋಡಿ ಸಂತೋಷಪಡು ಎಂದು ಹೇಳುವ ಧಾರ್ಷ್ಟ್ಯ ನಮಗಿಲ್ಲ. ಅವಳು ಕ್ಷಮಿಸಬೇಕಾಗಿಲ್ಲ, ಕ್ಷಮೆ ಅವಳ ಸ್ವತ್ತು, ಅದನ್ನು ನಾವು ದಾನಮಾಡಲಾಗದು. ಆದರೆ ಅವಳ ಹೆಸರಿನಲ್ಲಿ ಬಾಗಿಲು ಮುಚ್ಚುವ ನಾವು ಅವಳಿಗೆ ಏನು ಕೊಟ್ಟಿದ್ದೇವೆ? 1998ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೆರೆಯಾಳಿನ ದುಡಿಮೆಗೆ ನ್ಯಾಯವಾದ ಕೂಲಿ ಸಲ್ಲಬೇಕು, ಅದರಲ್ಲಿ ಒಂದು ಪಾಲನ್ನು ನೊಂದವರಿಗಾಗಿ ತೆಗೆದಿಡಬೇಕು ಎಂದು ಹೇಳಿತು. ದುಡಿದರೆ ತಾನೇ ಪಾಲು? ಕೆಲಸವಿಲ್ಲದೆ ಅಲೆಯುವವನಿಂದ ನೊಂದವರಿಗೂ ಲಾಭವಿಲ್ಲ, ಮುಂದೆ ನೋಯಬಹುದಾದವರಿಗೂ ಕ್ಷೇಮವಿಲ್ಲ.

ಇನ್ನೊಂದು ಸಂಗತಿಯನ್ನು ಬಹು ಮಂದಿ ತಿಳಿಯರು. 2022ರ ಕೊನೆಯಲ್ಲಿ ನಮ್ಮ ದೇಶದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು, ಎಂದರೆ ನಾಲ್ವರಲ್ಲಿ ಮೂವರು. ಇವರಲ್ಲಿ ಎಷ್ಟೋ ಜನರು ಕಡೆಗೆ ನಿರ್ದೋಷಿಗಳೆನಿಸಿಕೊಂಡು ಬರುವವರು. ಅಷ್ಟರಲ್ಲಿ ಇದ್ದ ಕೆಲಸ ಹೋಗಿರುತ್ತದೆ, ಅಂಗಡಿ ಮುಚ್ಚಿರುತ್ತದೆ, ವಕೀಲರ ಖರ್ಚಿಗೆ ಹೊಲ ಅಡವಾಗಿರುತ್ತದೆ. ಊರಿನವರಿಗೆ ‘ಜೈಲಿಗೆ ಹೋಗಿಬಂದವನು’ ಎಂಬುದಷ್ಟೇ ಗೊತ್ತು. ತೀರ್ಪಿನ ಪ್ರತಿಯನ್ನು ಯಾರೂ ಓದುವುದಿಲ್ಲ. ಅಪರಾಧಿಗೂ ನಿರಪರಾಧಿಗೂ ಮುದ್ರೆ ಒಂದೇ.

ಹೆಂಗಸರ ಪಾಡು ಬೇರೆಯೇ. ಸೆರೆಯಲ್ಲಿರುವ ನೂರರಲ್ಲಿ ಅವರು ಸುಮಾರು ನಾಲ್ವರು. ಕಡಮೆಯಾದುದರಿಂದಲೇ ಅವರ ಗೊಡವೆ ಯಾರಿಗೂ ಇಲ್ಲ. ಗಂಡಸು ಬಿಡುಗಡೆಯಾದರೆ ಬಾಗಿಲಲ್ಲಿ ಹೆಂಡತಿಯೋ ತಾಯಿಯೋ ಕಾದಿರುವುದುಂಟು. ಹೆಂಗಸು ಬಿಡುಗಡೆಯಾದರೆ ಗಂಡನ ಮನೆಯವರಿಗೆ ಮಾನದ ಪ್ರಶ್ನೆ, ತವರಿನವರಿಗೆ ತಂಗಿಯರ ಮದುವೆಯ ಪ್ರಶ್ನೆ. ಆರು ವರ್ಷದವರೆಗೆ ಮಗುವು ತಾಯಿಯ ಜೊತೆ ಒಳಗಿರಬಹುದು. ಆಮೇಲೆ ಬೇರೆಡೆಗೆ ಹೋದ ಮಗು, ತಾಯಿ ಹೊರಬರುವ ಹೊತ್ತಿಗೆ ಅವಳ ಗುರುತು ಹಿಡಿಯದೆ ಇರಬಹುದು. ಅವಳಿಗೆ ಕೆಲಸಕ್ಕಿಂತ ಮೊದಲು ಒಂದು ರಾತ್ರಿ ತಂಗಲು ಸ್ಥಳ ಬೇಕು.

ಕೆಲಸ ಕೊಡುವ ಶಕ್ತಿಯುಳ್ಳವರು ಈ ಮಾತುಗಳನ್ನು ಕೇಳುತ್ತಿದ್ದರೆ, ಅವರಲ್ಲಿ ನಮ್ಮ ಪ್ರಾರ್ಥನೆ ದೊಡ್ಡದೇನೂ ಅಲ್ಲ. ಎಲ್ಲರನ್ನೂ ನಂಬಿರೆಂದು ನಾವು ಹೇಳುವುದಿಲ್ಲ. ಲೆಕ್ಕಪತ್ರದಲ್ಲಿ ಮೋಸಮಾಡಿದವನನ್ನು ಖಜಾನೆಯಲ್ಲಿ ಕೂರಿಸಬೇಕಾಗಿಲ್ಲ. ಆತನು ತೋಟ ಮಾಡಬಹುದು. ಕುಡಿದು ಗಾಡಿ ಓಡಿಸಿದವನಿಗೆ ಗಾಡಿ ಬೇಡ. ಆತನು ಲೆಕ್ಕ ಬರೆಯಬಹುದು. ಏನು ಮಾಡಿದಿರಿ, ಎಷ್ಟು ಕಾಲವಾಯಿತು, ಆಮೇಲೆ ಹೇಗಿದ್ದಿರಿ, ಈ ಕೆಲಸಕ್ಕೂ ಅದಕ್ಕೂ ಸಂಬಂಧವುಂಟೇ ಎಂದು ಕೇಳಿ, ಕೂರಿಸಿಕೊಂಡು ಉತ್ತರವನ್ನು ಕೇಳಬೇಕು. ನಮ್ಮ ಸಮಿತಿ ಮಾಡದೆ ಹೋದದ್ದು ಇಷ್ಟೇ.

ಆ ಬೈಂಡರನ್ನು ನಾವು ಕಡೆಗೆ ಕೇಳಿದೆವು. ನೀರಿನ ಸರದಿಗಾಗಿ ಹೊಲದ ಬದುವಿನಲ್ಲಿ ದಾಯಾದಿಗಳೊಳಗೆ ಜಗಳವಾಗಿ, ಗುದ್ದಲಿಯ ಕಾವಿನಿಂದ ಹೊಡೆದ ಒಂದು ಏಟು. ಹೇಳುವಾಗ ಆತನು ತನ್ನ ಪರವಾಗಿ ಏನನ್ನೂ ಸೇರಿಸಲಿಲ್ಲ. ಸತ್ತವನ ಹೆಸರನ್ನು ಮಾತ್ರ ‘ಅಣ್ಣ’ ಎಂದು ಸೇರಿಸಿಯೇ ಹೇಳಿದನು. ನಮ್ಮ ಮನೆಯಲ್ಲಿ ಹತ್ತೊಂಬತ್ತು ದಿನ ಕೆಲಸ ಮಾಡಿ ನಲವತ್ತು ಪುಸ್ತಕಗಳನ್ನು ಕಟ್ಟಿಕೊಟ್ಟನು. ಬೀರುವಿಗೆ ಬೀಗ ಹಾಕುವುದನ್ನು ಎಂದು ನಿಲ್ಲಿಸಿದೆವೆಂಬುದು ನೆನಪಿಲ್ಲ. ಈಗ ಆತನು ಒಂದು ಮುದ್ರಣಾಲಯದಲ್ಲಿದ್ದಾನೆ. ಯಜಮಾನರಿಗೆ ಸಂಗತಿ ಗೊತ್ತು, ಜೊತೆಯ ಕೆಲಸಗಾರರಿಗೆ ಗೊತ್ತಿಲ್ಲ. ಜೂನ್ ತಿಂಗಳಲ್ಲಿ ನೋಟುಪುಸ್ತಕಗಳ ಕೆಲಸ ಹೆಚ್ಚಿ ರಾತ್ರಿ ಹತ್ತಾಗುತ್ತದೆಂದು ಮೊನ್ನೆ ಸಿಕ್ಕಾಗ ಹೇಳಿದನು. ಆ ಕಾಲೇಜಿನ ಹಳೆಯ ಸಂಪುಟಗಳು ನಾವು ಅಲ್ಲಿಂದ ಬಿಡುವವರೆಗೂ ಗೋಣಿದಾರದಲ್ಲಿ ಕಟ್ಟಿಟ್ಟಂತೆಯೇ ಇದ್ದವು.